ಯಾರು ಎಲ್ಲಿ ಕೂರುತ್ತಾರೆ

ಜನವರಿ 7, ಮಂಗಳವಾರ

ಬಸ್ಸು ಇವತ್ತೂ ತಡ. ಕೊಟ್ಟಿಗೆಹಾರದಿಂದ ಮೂಡಿಗೆರೆವರೆಗೂ ನಿಂತೇ ಬಂದೆ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಮತ್ತೆ ಮಾಯ. ಪರ್ಮನೆಂಟ್ ಆದವರಿಗೆ ಕೈ ಇರುವ ಕುರ್ಚಿ, ಗೆಸ್ಟ್ ಲೆಕ್ಚರರ್‌ಗೆ ಸಿಕ್ಕಿದ್ದೇ ಭಾಗ್ಯ. ಆರು ವರ್ಷವಾಯಿತು. ಅಭ್ಯಾಸವಾಗಿದೆ.

ಬಿ.ಎ. ಕೊನೆ ವರ್ಷಕ್ಕೆ ಆಫ್ರಿಕಾದ ಕಾದಂಬರಿ. ಯುದ್ಧ ಮುಗಿದಿದೆ, ಬಿಳಿಯರು ಹೋಗಿದ್ದಾರೆ, ಹೊಸ ಸರ್ಕಾರ ಅವರ ಹಳೇ ಕ್ಲಬ್ಬಿನಲ್ಲೇ ಆಫೀಸು ತೆರೆದಿದೆ. ಮಂತ್ರಿ ಫ್ಯಾನಿನ ಕೆಳಗೆ. ಜನ ಈಗಲೂ ಹಿಂಬಾಗಿಲಲ್ಲಿ, ಬಿಸಿಲಲ್ಲಿ. ಲಂಚ ಅನ್ನುವ ಮಾತೇ ಪುಸ್ತಕದಲ್ಲಿಲ್ಲ, ಕಟ್ಟಡ ನೋಡಿದರೆ ಗೊತ್ತಾಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚು ಆಕಳಿಸಿತು. ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ನಿಮ್ಗೆ ಗೊತ್ತಿರೋ ಒಂದು ಜಾಗದ ನಕ್ಷೆ ಬರ್ಕೊಂಡು ಬನ್ನಿ. ಯಾರು ಎಲ್ಲಿ ಕೂರ್ತಾರೆ, ಯಾರು ಎಲ್ಲಿ ನಿಲ್ತಾರೆ. ಕಾದಂಬರಿ ಜೊತೆ ಹೋಲಿಸಿ ನಾಲ್ಕು ಪುಟ. ಕಂಡಿದ್ದನ್ನೇ ಬರೀಬೇಕು. ಇಪ್ಪತ್ತು ಮಾರ್ಕ್ಸು."

ಮಾರ್ಕ್ಸು ಅಂದಕೂಡಲೇ ಎಲ್ಲರಿಗೂ ಎಚ್ಚರ.

ಜನವರಿ 16, ಗುರುವಾರ

ಪೇಪರು ಬಂದವು. ಮುಕ್ಕಾಲುಪಾಲು ಮೊಬೈಲಿನಿಂದ ಇಳಿಸಿದ್ದು. ಒಬ್ಬ ಬಸ್ ಸ್ಟ್ಯಾಂಡ್ ಬರೆದಿದ್ದಾನೆ, ಪರವಾಗಿಲ್ಲ.

ಆಮೇಲೆ ರಂಜಿತಾಳದ್ದು. ಅವಳಪ್ಪ ಬೊಮ್ಮಯ್ಯ ದೇವರಮನೆ ರಸ್ತೆಯಲ್ಲಿರುವ ಓಂಕಾರಪ್ಪನವರ ಎಸ್ಟೇಟಿನಲ್ಲಿ ಆಳು. ಓಂಕಾರಪ್ಪನವರೆಂದರೆ ನಮ್ಮ ಕಾಲೇಜಿನ ಅಧ್ಯಕ್ಷರು!

ಬಾಲ್ ಪೆನ್ನಿನ ನಕ್ಷೆ. ಮೇಲೆ ಬಂಗಲೆ, ಜಗಲಿಯಲ್ಲಿ ಎರಡು ಬೆತ್ತದ ಕುರ್ಚಿ. ಅದರ ಕೆಳಗೆ ಕಾಫಿ ಒಣಗಿಸುವ ಕಣ — 'ಅಪ್ಪ ಇಲ್ಲಿ ನಿಲ್ಲುತ್ತಾರೆ'. ಇನ್ನೂ ಕೆಳಗೆ ಆಳುಗಳ ಲೈನು ಮನೆಗಳು. ಕಾಂಕ್ರೀಟ್ ರಸ್ತೆ ಬಂಗಲೆಯ ಗೇಟಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಲೈನಿನವರೆಗೆ ಬರೀ ಮಣ್ಣು. ಆ ಮಣ್ಣಿನ ಪಕ್ಕ ಒಂದು ಸರ್ಕಾರಿ ಬೋರ್ಡು: 'ಕಾರ್ಮಿಕರ ಲೈನಿಗೆ ಕಾಂಕ್ರೀಟ್ ರಸ್ತೆ. ಕಾಮಗಾರಿ ಪೂರ್ಣಗೊಂಡಿದೆ.'

ಕೊನೆಯ ಪುಟದಲ್ಲಿ: 'ಜುಲೈನಲ್ಲಿ ಅಮ್ಮ ಈ ಬೋರ್ಡಿನ ಹತ್ತಿರ ಜಾರಿ ಕಾಲು ಮುರಿದುಕೊಂಡರು. ಜೀಪು ಕೆಳಗೆ ಬರಲಿಲ್ಲ. ನಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ ಗೇಟಿನವರೆಗೆ ಹೊತ್ತರು.'

ಎರಡು ಸಲ ಓದಿದೆ. ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬಳ ತಲೆಗಾದರೂ ಹೊಕ್ಕಿತಲ್ಲ...

ಜನವರಿ 17

ಫೆಬ್ರವರಿಯಲ್ಲಿ ಚಿಕ್ಕಮಗಳೂರಿನಲ್ಲಿ ವಿದ್ಯಾರ್ಥಿಗಳ ಸೆಮಿನಾರು. ಇದನ್ನೇ ಕಳಿಸೋಣವೆಂದು ರಂಜಿತಾಳಿಗೆ ಹೇಳಿದೆ.

"ಹೆದ್ರಿಕೆ ಇಲ್ವೇನೆ?"

"ನೀವೇ ಹೇಳಿದ್ರಲ್ಲ ಮೇಡಂ, ಕಂಡಿದ್ದನ್ನೇ ಬರೀಬೇಕು ಅಂತ."

"ನಾನಿದ್ದೀನಿ. ಒಂದಕ್ಷರ ತೆಗೀಬೇಡ."

ಫಾರ್ಮಿಗೆ ಮಾರ್ಗದರ್ಶಕರ ಸಹಿ ಸಾಕು. ನನ್ನದೇ ಸಹಿ. ಆದರೂ ಮೇಲಿನವರಿಗೆ ಹೇಳದೆ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಪ್ರಿನ್ಸಿಪಾಲ್ ರೇಣುಕಪ್ರಸಾದರಿಗೆ ಒಂದು ಜೆರಾಕ್ಸ್ ಕೊಟ್ಟೆ. ಯಾರು ಕೇಳಿದ್ದರು ನನ್ನನ್ನು?

ಜನವರಿ 21

ಪ್ರಿನ್ಸಿಪಾಲರು ಕರೆದು ಹೇಳಿದರು: "ಅಧ್ಯಕ್ಷರಿಗೂ ಒಂದ್ಸಲ ತೋರಿಸ್ದೆ ತನುಜಾ ಮೇಡಂ. ಭಾನುವಾರ ಧ್ವಜಾರೋಹಣ ಆದ್ಮೇಲೆ ನೀವು ಎಸ್ಟೇಟಿಗೆ ಬರ್ಬೇಕಂತೆ."

"ಏನ್ ಮಾಡಿದ್ರಿ ಸಾರ್!"

"ಏನಾಯ್ತೀಗ ಮಾರಾಯ್ರೆ? ಒಳ್ಳೆಯವ್ರು ಅವ್ರು."

ತೀರ್ಮಾನ ಮಾಡಿದ್ದೇನೆ. ಮೆಟ್ಟಿಲ ಕೆಳಗೇ ನಿಂತು ಒಂದಕ್ಷರವೂ ತೆಗೆಯುವುದಿಲ್ಲವೆಂದು ಹೇಳುವುದು, ಬರುವುದು. ಕೂರಬಾರದು. ಮುಖ್ಯವಾಗಿ ಕಾಫಿ ಕುಡಿಯಬಾರದು. ಒಬ್ಬರ ಮನೆ ಕಾಫಿ ಕುಡಿದು ಅದೇ ಜಗಲಿಯಲ್ಲಿ ಅವರಿಗೆ ಎದುರಾಡುವುದು ನಮ್ಮ ಕಡೆ ಯಾರಿಂದಲೂ ಆಗುವುದಿಲ್ಲ.

ಜನವರಿ 26, ಭಾನುವಾರ. ಸಂಜೆ

ಕೂತೆ. ಕುಡಿದೆ.

ಬೊಮ್ಮಯ್ಯ ಕಣದಲ್ಲಿ ಕಾಫಿ ಹಣ್ಣು ತಿರುವಿಹಾಕುತ್ತಿದ್ದ. ನನ್ನನ್ನು ಕಂಡು ತಲೆಗೆ ಸುತ್ತಿದ್ದ ಟವೆಲ್ ತೆಗೆದು ನಕ್ಕ. ಓಂಕಾರಪ್ಪನವರು ತಾವೇ ಮೆಟ್ಟಿಲಿಳಿದು ಬಂದರು. "ಬನ್ನಿ ಬನ್ನಿ ಮೇಡಂ, ಬಿಸ್ಲಲ್ಲಿ ನಿಂತ್ರೆ ಹೇಗೆ?" ಜಗಲಿಯ ಎರಡು ಕುರ್ಚಿಗಳಲ್ಲಿ ಒಂದು ಅವರದ್ದು, ಇನ್ನೊಂದರಲ್ಲಿ ಅವರ ಹೆಂಡತಿ ಸರೋಜಮ್ಮ. ಒಳಗಿನಿಂದ ಮೂರನೆಯದು ತರಿಸಿದರು. ಕೈ ಇರುವ ಕುರ್ಚಿ. ಹಿಂದೆಯೇ ಕಾಫಿ.

"ಹುಡ್ಗಿ ಚೆನ್ನಾಗಿ ಬರ್ದಿದಾಳೆ. ನಮ್ ಬೊಮ್ಮಯ್ಯನ ಮಗಳು ಅಂದ್ರೆ ನಮ್ಗೂ ಹೆಮ್ಮೆನೇ. ಆ ರಸ್ತೆ ವಿಷ್ಯ ಒಂದು ಬೇಡ, ನೋಡಿ. ನಾಲ್ಕು ಜನರ ಮುಂದೆ ಓದೋದಲ್ವಾ?" ಒಂದು ಗುಟುಕು ಕುಡಿದರು. "ಜೂನ್‌ನಲ್ಲಿ ಎರಡು ಪರ್ಮನೆಂಟ್ ಪೋಸ್ಟ್ ಇದೆ. ನೀವು ಬಂದು ಆರು ವರ್ಷ ಆಯ್ತಂತಲ್ಲ?"

ದನಿಯೇ ಎತ್ತಲಿಲ್ಲ ಪುಣ್ಯಾತ್ಮರು. ಎತ್ತಿದ್ದರೆ ನಾನೂ ಎತ್ತುತ್ತಿದ್ದೆನೇನೋ.

"ನೋಡ್ತೀನಿ ಸಾರ್" ಅಂದೆ. ನೋಡುವುದೇನಿತ್ತು, ಮಣ್ಣು! ಒಪ್ಪಿಕೊಂಡ ಹಾಗೇ ಆಯಿತು.

ಅಷ್ಟು ಹೊತ್ತೂ ಬೊಮ್ಮಯ್ಯ ಕಣದಲ್ಲೇ ಇದ್ದ. ನಾನು ಆ ಕಡೆ ನೋಡಲಿಲ್ಲ.

ಜನವರಿ 28

ರಂಜಿತಾಳನ್ನು ಕಾರಿಡಾರಿಗೆ ಕರೆದೆ. ಪುಟ ಜಾಸ್ತಿಯಾಗುತ್ತದೆ, ರಸ್ತೆಯ ಭಾಗ ಬಿಟ್ಟು ಬರೆದುಕೊಂಡು ಬಾ ಅಂದೆ. ಹಸಿ ಸುಳ್ಳು.

"ಅಮ್ಮನ ಕಾಲಿಂದೂ ಬಿಡ್ಬೇಕಾ ಮೇಡಂ?"

"ಅದೂ ರಸ್ತೆದೇ ಅಲ್ವಾ..."

"ಆಯ್ತು ಮೇಡಂ."

ಜಗಳವಾಡಬಾರದಿತ್ತೇ ಈ ಹುಡುಗಿ? ನಾಚಿಕೆಯಾಯಿತು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಫೆಬ್ರವರಿ 6, ಗುರುವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಪೇಪರು ತಂದು ಮೇಜಿನ ಮೇಲಿಟ್ಟು ಹೋದಳು. ರಸ್ತೆ ಇದೆ. ಬೋರ್ಡು ಇದೆ. ಅಮ್ಮನ ಕಾಲು ಇದೆ. ಒಂದಕ್ಷರ ತೆಗೆದಿಲ್ಲ. ನಕ್ಷೆ ಮಾತ್ರ ಹೊಸದು. ಸ್ಕೇಲಿಟ್ಟು ನೀಟಾಗಿ ಬರೆದಿದ್ದಾಳೆ.

ಜಗಲಿಯಲ್ಲಿ ಈಗ ಮೂರು ಕುರ್ಚಿ. ಮೂರನೆಯದಕ್ಕೆ ಕೈಗಳೂ ಇವೆ. ಪಕ್ಕದಲ್ಲಿ — 'ಮೇಡಂ'.

ಕಣದಿಂದ ಅಲ್ಲಿಯವರೆಗೆ ಚುಕ್ಕಿ ಚುಕ್ಕಿ ಗೆರೆ. 'ಅಪ್ಪ ಇಲ್ಲಿಂದ ನೋಡಿದರು.'

ಕೆಳಗೆ ಪೆನ್ಸಿಲಿನಲ್ಲಿ: 'ಮೇಡಂ, ಮೊದಲನೇ ನಕ್ಷೆಯಲ್ಲಿ ಒಂದು ಬಿಟ್ಟುಹೋಗಿತ್ತು. ಅಪ್ಪನ ಹತ್ತಿರ ಕೇಳಿ ಸರಿ ಮಾಡಿದ್ದೇನೆ.'

ಜವಾನ ಬಾಗಿಲು ಹಾಕಲು ಬಂದ.

ಫೆಬ್ರವರಿ 7. ಬೆಳಿಗ್ಗೆ ಆರು

ಸೆಮಿನಾರಿಗೆ ಕೊಡಲು ಇವತ್ತೇ ಕೊನೆ ದಿನ. ಇಪ್ಪತ್ತಕ್ಕೆ ಇಪ್ಪತ್ತು ಹಾಕಿದೆ, ಇಂಕಿನಲ್ಲಿ. ಫಾರ್ಮಿಗೆ ಸಹಿ ಹಾಕಿದೆ. ನಕ್ಷೆ ಹಾಗೇ ಇದೆ, ಮೂರೂ ಕುರ್ಚಿ ಸಮೇತ. ಪೋಸ್ಟು ನಂಬುವ ಹಾಗಿಲ್ಲ, ಚಿಕ್ಕಮಗಳೂರಿಗೆ ನಾನೇ ಹೋಗಿ ಕೊಡುತ್ತೇನೆ. ರಜೆ ಕೇಳಿಲ್ಲ. ನಿನ್ನೆ ರಾತ್ರಿ ಪ್ರಿನ್ಸಿಪಾಲರ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಬಸ್ಸಿನ ಹಾರ್ನು ಕೇಳಿಸಿತು. ಸೀಟು ಸಿಗದಿದ್ದರೂ ಸರಿ, ನಿಂತೇ ಹೋಗುತ್ತೇನೆ.