ಹನ್ನೊಂದನೆಯ ಗೇಣು

ಮಂಗಳವಾರ, ನವೆಂಬರ್ ೧೮
ಮಕ್ಕಳ ಆಸ್ಪತ್ರೆ, ಮೂರನೆಯ ಮಹಡಿ. ಮಧ್ಯಾಹ್ನ. ಗುಂಡ ಮಲಗಿದ್ದಾನೆ. ಜ್ವರ ಇಲ್ಲ.

ರೀ,

ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಮದುವೆಯಾದಂದಿನಿಂದ ಸಿಟ್ಟು, ಅವಸರ, ಪ್ರೀತಿ ಎಲ್ಲವೂ ಈ ಒಂದಕ್ಷರದಲ್ಲೇ ನಡೆದುಹೋಗಿದೆ. ಈಗ ಹೊಸದನ್ನು ಹುಡುಕುವುದು ಬೇಡ ಅನ್ನಿಸಿತು.

ಫೋನು ಇರುವಾಗ ಪತ್ರ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನಾವಿಬ್ಬರೂ ಬರೀ ಅಂಕಿ ಮಾತಾಡುತ್ತೇವೆ: ಬಿಳಿ ರಕ್ತಕಣ ಎಷ್ಟು, ತೂಕ ಎಷ್ಟು, ಹಾಲು ಎಷ್ಟು ಕುಡಿದ. ಅಲ್ಲದೆ ನಿಮ್ಮ ದನಿ ಕೇಳಿದರೆ ಗುಂಡ ಫೋನನ್ನು ತಿರುಗಿಸಿ ಅದರ ಬೆನ್ನ ಹಿಂದೆ ನಿಮ್ಮನ್ನು ಹುಡುಕುತ್ತಾನೆ. ಸಿಗದಿದ್ದರೆ ಅಳುವುದಿಲ್ಲ, ಫೋನನ್ನು ನನ್ನ ಕೈಗೆ ವಾಪಸ್ಸು ಕೊಡುತ್ತಾನೆ. ಅದಕ್ಕೇ ನಾನು ಬೇಗ ಇಟ್ಟುಬಿಡುವುದು. ಈ ಪತ್ರವನ್ನು ಒಗೆಯುವ ಬಟ್ಟೆಯ ಚೀಲದಲ್ಲಿ ಅವನ ಹಳದಿ ಅಂಗಿಯೊಳಗೆ ಸುತ್ತಿ ಇಡುತ್ತೇನೆ. ನೀರಿಗೆ ಹಾಕುವ ಮುಂಚೆ ನೋಡಿ.

ನಿನ್ನೆ ನೀವು ಕೆಳಗೆ ಕೌಂಟರಿನಲ್ಲಿ ಬಿಟ್ಟುಹೋದ ಚೀಲ ಬಿಚ್ಚಿದೆ. ಎಲ್ಲಕ್ಕಿಂತ ಮೇಲೆ ದೊಡ್ಡವಳ ಕರ್ಚೀಫು ಇತ್ತು, ನೀಟಾಗಿ ಮಡಿಸಿದ್ದು. ಅದು ಇಲ್ಲಿಗೆ ಯಾಕೆ ಬಂತೆಂದು ತಿಳಿಯಲಿಲ್ಲ. ಸಂಜೆ ಅವಳೇ ಫೋನು ಮಾಡಿ ವಿಚಾರಿಸಿದಳು. “ನೋಡ್ದ್ಯಾ ಅಮ್ಮ? ಒಣಗಿದೆ. ದಿನಾ ಒಣಗೇ ಇರುತ್ತೆ. ನನ್ನ ಮೂಗು ಸೋರ್ತಿಲ್ಲ.” ಆರು ವರ್ಷದವಳಿಗೆ ಅಷ್ಟು ಗಂಭೀರವಾದ ದನಿ ಎಲ್ಲಿಂದ ಬಂತೋ. ನ್ಯಾಯಾಲಯದಲ್ಲಿ ಸಾಕ್ಷಿ ಇಟ್ಟವರ ಹಾಗೆ ಹೇಳಿ, ಊಟಕ್ಕೆ ಕರೆದರೆಂದು ಹೋಗಿಬಿಟ್ಟಳು.

ಡಾಕ್ಟರಮ್ಮ ನಿಮಗೆ ಫೋನು ಮಾಡಿದ್ದ ವಿಷಯ ನನಗೆ ಗೊತ್ತಾದದ್ದು ಅದಾದ ಮೇಲೆ. ಇವತ್ತು ಬೆಳಿಗ್ಗೆ ಅವರೇ ಹೇಳಿದರು. ದೊಡ್ಡ ಮಗಳ ನೆಗಡಿ ವಾಸಿಯಾಗಿದ್ದರೆ ಮಗುವನ್ನು ನಾಲ್ಕು ದಿನ ಮನೆಗೆ ಕಳಿಸುತ್ತೇವೆ ಎಂದು ಅವರು ಹೇಳಿದಾಗ ನೀವು ಮೊದಲು “ಯಾವ ನೆಗಡಿ?” ಅಂದಿರಂತೆ. ಆಮೇಲೆ, “ಹೌದು ಡಾಕ್ಟ್ರೇ, ಇನ್ನೂ ಸ್ವಲ್ಪ ಇದೆ” ಅಂದಿರಂತೆ. ಅವರು ನಗಲಿಲ್ಲ. ದೊಡ್ಡವಳಿಗೆ ನೆಗಡಿ ಅಂತ ಅವರಿಗೆ ಹೇಳಿದ್ದವಳು ನಾನೇ. ನೀವು ಏನೂ ಕೇಳದೆ ನನ್ನ ಸುಳ್ಳಿಗೆ ನಿಮ್ಮದೊಂದು ಸುಳ್ಳು ಸೇರಿಸಿದಿರಿ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ದೊಡ್ಡವಳಿಗೆ ಮಾತ್ರ ಅವಮಾನವಾಯಿತು ಅಂತ ಕಾಣುತ್ತದೆ.

ಮನೆಗೆ ಕಳಿಸುವ ಮಾತು ಬಂದದ್ದು ಇದು ಎರಡನೆಯ ಸಲ. ಹೊಟ್ಟೆಯ ಗಡ್ಡೆ ತೆಗೆದ ಗಾಯ ಮಾಗಿದಾಗಲೂ ಅಂದಿದ್ದರು. ಆಗಲೂ ನಾನು ನೆಗಡಿಯ ನೆಪವನ್ನೇ ಹೇಳಿದ್ದೆ. ಜ್ವರ ಬಂದರೆ ಏನು ಮಾಡಲಿ, ಭಯ ಅಂದಿದ್ದರೆ ಅವರು ಧೈರ್ಯ ಹೇಳುತ್ತಿದ್ದರು, ತಕ್ಷಣ ಕರೆತಂದರೆ ಸಾಕು ಅನ್ನುತ್ತಿದ್ದರು. ನೆಗಡಿಗೆ ಯಾರೂ ಧೈರ್ಯ ಹೇಳುವುದಿಲ್ಲ.

ಭಯ ಜ್ವರದ್ದು ಮಾತ್ರ ಅಲ್ಲ. ಇಲ್ಲಿ ನನಗೆ ಪ್ರತಿ ಸದ್ದೂ ಗೊತ್ತು. ಔಷಧ ಹರಿಸುವ ಪಂಪು ಹೇಗೆ ಕೂಗಿದರೆ ಗಾಳಿಗುಳ್ಳೆ, ಹೇಗೆ ಕೂಗಿದರೆ ಔಷಧ ಮುಗಿದದ್ದು ಎಂದು ನಿದ್ದೆಯಲ್ಲೂ ತಿಳಿಯುತ್ತದೆ. ನಮ್ಮ ಮನೆಯ ಸದ್ದುಗಳು ಮರೆತುಹೋಗುತ್ತಿವೆ. ಬಚ್ಚಲಿನ ನಲ್ಲಿ ಇನ್ನೂ ಸೀಟಿ ಊದುತ್ತದೆಯೋ ಇಲ್ಲವೋ? ನಿಮ್ಮ ಕಾರ್ಖಾನೆಯ ಮರದ ಪುಡಿ ಈಗಲೂ ನಿಮ್ಮ ಕಿವಿಯ ಹಿಂದೆ ಉಳಿಯುತ್ತದೆಯೇ, ಅಥವಾ ಒರೆಸಿಕೊಳ್ಳುವುದು ಕಲಿತಿರಾ? ಇದನ್ನೆಲ್ಲ ಯೋಚಿಸಬಾರದೆಂದು ಇದ್ದೇನೆ. ಒಮ್ಮೆ ನಮ್ಮ ಮಂಚದಲ್ಲಿ, ಗೋಡೆ ಕಡೆ, ನನ್ನ ಜಾಗದಲ್ಲಿ ಮಲಗಿದರೆ ಮತ್ತೆ ಇಲ್ಲಿಗೆ ಬರಲು ನನ್ನ ಕಾಲು ಏಳುವುದಿಲ್ಲ. ಗುಂಡನ ಸಂಕಟಕ್ಕಿಂತ ನನ್ನ ಆಸೆಗೇ ನಾನು ಹೆದರಿಕೊಂಡಿದ್ದೆ. ಆಸೆಯನ್ನು ಒಣಗಿಸಿ ಇಟ್ಟುಕೊಂಡರೆ ದಿನ ಕಳೆಯುವುದು ಸುಲಭ.

ನೀವು ಅಡುಗೆಮನೆ ಬಾಗಿಲಿಗೆ ಗೇಟು ಮಾಡಿ ಕೂರಿಸಿದ್ದನ್ನು ದೊಡ್ಡವಳು ಹೇಳಿದಳು. ಎರಡು ವಾರದ ಹಿಂದೆ ನೀವು ಫೋನಿನಲ್ಲಿ “ಗುಂಡ ಈಗ ಎಷ್ಟು ಗೇಣು?” ಅಂತ ಕೇಳಿದ್ದು ಅದಕ್ಕೇ ಇರಬೇಕು. ಅಳತೆಪಟ್ಟಿ ಜೇಬಿನಲ್ಲೇ ಇದ್ದರೂ ಮೊದಲು ಗೇಣು ಹಾಕಿಯೇ ನೋಡುವ ಬಡಗಿ ನೀವೊಬ್ಬರೇ. ಅವನು ಮನೆ ಬಿಟ್ಟಾಗ ಮಗ್ಗುಲು ಬದಲಿಸಲೂ ಬರುತ್ತಿರಲಿಲ್ಲ. ಈಗ ಅಂಬೆಗಾಲಿಡುವ ಮಗು ಒಲೆಯ ಹತ್ತಿರ ಹೋಗಬಾರದೆಂದು ಗೇಟು. ಮಗು ಮಾತ್ರ ಇಲ್ಲಿ. ಅಲ್ಲಿ ಇರುವವರೆಲ್ಲ ದಿನವಿಡೀ ಕಾಲೆತ್ತಿ ಅದನ್ನು ದಾಟುತ್ತಿದ್ದೀರಂತೆ. ಅತ್ತೆ ಮೊಣಕಾಲು ತಗುಲಿಸಿಕೊಂಡು, “ಕೂಸು ಹುಟ್ಟೋಕ್ಮುಂಚೆ ಕುಲಾವಿ ಅಂದ್ರೆ ಇದೇ ನೋಡು” ಅಂದರಂತೆ. ಹಾಗಂದವರೇ, ಬಿಚ್ಚಿಡ್ತೀನಿ ಅಂತ ನೀವು ಹೋದಾಗ, “ಇರ್ಲಿ ಬಿಡೋ, ನನ್ನ ಕಾಲಿಗೂ ಒಂದು ಕಸರತ್ತು” ಅಂತ ತಡೆದರಂತೆ. ಅದನ್ನು ಕೇಳಿ ನಗು ಬಂತು. ಫೋನು ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯ ಬಾಗಿಲನ್ನು ಕಣ್ಣ ಮುಂದೆ ಇಟ್ಟುಕೊಂಡು ಕೂತಿದ್ದೆ.

ಅವನು ಅಂಬೆಗಾಲಿಡುವ ವಿಡಿಯೋ ಕಳಿಸಿದ್ದೆನಲ್ಲ, ಅದರ ಬಗ್ಗೆ ಒಂದು ಮಾತು. ಎದೆಯಿಂದ ಹೊರಟ ನಳಿಗೆ ಕಾಣದ ಹಾಗೆ ಅದನ್ನು ತೆಗೆದದ್ದು. ನಳಿಗೆ ಪಂಪಿಗೆ ಹೋಗುತ್ತದೆ, ಪಂಪನ್ನು ಚಕ್ರದ ಕಂಬಕ್ಕೆ ತೂಗುಹಾಕಿದೆ. ಅವನು ತೆವಳಲು, ಕೂರಲು, ಬೀಳಲು ಕಲಿತದ್ದೆಲ್ಲ ಆ ಕಂಬದ ಸುತ್ತ. ನಳಿಗೆ ಬಿಗಿಯಾಗುವ ಮುಂಚೆಯೇ ನಿಲ್ಲುತ್ತಾನೆ. ಎಷ್ಟು ಜಾಣ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಭಾನುವಾರ ಮೈ ಒರೆಸಲೆಂದು ನರ್ಸು ನಳಿಗೆ ಬಿಚ್ಚಿದರು. ನಾವೆಲ್ಲ ದೊಡ್ಡಕ್ಕ ಅಂತ ಕರೆಯುವ ಹಿರಿಯ ನರ್ಸು. ತಮಾಷೆ ಮಾಡದೆ ಒಂದು ಸೂಜಿಯನ್ನೂ ಚುಚ್ಚದವರು. ಒರೆಸಿದ ಮೇಲೆ ಸ್ವಲ್ಪ ಹೊತ್ತು ಸ್ವತಂತ್ರವಾಗಿ ಆಡಲಿ ಎಂದು ನೆಲದ ಚಾಪೆಯ ಮೇಲೆ ಬಿಟ್ಟರು. ಬಾಗಿಲು ತೆರೆದಿತ್ತು. ಓಣಿಯ ಬೆಳಕು ಒಳಗೆ ಬಿದ್ದಿತ್ತು. ಗುಂಡ ಅದರ ಕಡೆಗೆ ಹೊರಟ. ಸರಸರ ಹೋದವನು ನಡುವೆ ನಿಂತ. ಎದೆ ಮುಟ್ಟಿ ನೋಡಿಕೊಂಡ. ತಿರುಗಿ ಕಂಬ ನೋಡಿದ. ಅಲ್ಲೇ ಕುಳಿತುಬಿಟ್ಟ. ನಾನು ಬಾ ಅಂತ ಕರೆದೆ, ಗಿಲಕಿ ಆಡಿಸಿದೆ. ನಗುತ್ತಾನೆ, ಮುಂದೆ ಬರುವುದಿಲ್ಲ. ಅವನು ಕೂತಲ್ಲಿಂದ ಕಂಬದವರೆಗೆ ಗೇಣು ಹಾಕಿ ಅಳೆದೆ, ಹತ್ತು. ಆಮೇಲೆ ನಳಿಗೆಯನ್ನೂ ಅಳೆದೆ, ಅದೂ ಹತ್ತೇ.

“ಏನ್ ಸಾಹೇಬ್ರೇ, ಗಡಿ ಬಂತಾ?” ಅಂತ ದೊಡ್ಡಕ್ಕ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಕಟ್ಟಿ ಸಾಕಿದ ಕರು ಹಗ್ಗ ಬಿಚ್ಚಿದರೂ ಗೂಟದ ಸುತ್ತಲೇ ಮೇಯುತ್ತದೆ, ನಾಲ್ಕು ದಿನ ಬಯಲು ಕಂಡರೆ ಸರಿಹೋಗುತ್ತದೆ ಅಂದರು. ಆಮೇಲೆ ಹಾಸಿಗೆಯ ಹೊದಿಕೆ ಬದಲಿಸುತ್ತ, ನನ್ನ ಕಡೆ ನೋಡದೆ, “ಆದ್ರೆ ಈ ಕೋಣೇಲಿ ಎರಡು ಕರು ಇವೆ” ಅಂದರು.

ಮುಂದಿನ ಬುಧವಾರ ದೊಡ್ಡ ಔಷಧ ಶುರು. ಉಳಿದಿರಬಹುದಾದ ಕ್ಯಾನ್ಸರನ್ನು ಸುಟ್ಟುಹಾಕುವಂಥದ್ದು, ಜೊತೆಗೆ ಅವನ ಮೈಯ ಕಸುವನ್ನೂ. ಎರಡು ಬಾಗಿಲಿನ ಕೋಣೆ, ಒಳಗೆ ನಾನೊಬ್ಬಳೇ, ಹಲವು ವಾರ. ನೀವು ಈಗಿನ ಹಾಗೆ ಗಾಜಿನಾಚೆ ಕೂಡ ನಿಲ್ಲುವಂತಿಲ್ಲ. ಡಾಕ್ಟರಮ್ಮ ಬೆಳಿಗ್ಗೆ ಮಂಚದ ತುದಿಯಲ್ಲಿ ಕೂತರು. ಅವರು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. “ಅದಕ್ಕೆ ಮುಂಚೆ ಅವರಪ್ಪ, ಅಕ್ಕ ಒಂದ್ಸಲ ಅವನನ್ನ ಎತ್ಕೊಳ್ಲಿ ಅಂತ ಹೇಳ್ತಿದ್ದೀನಿ. ಬೇರೆ ಏನೂ ಅಲ್ಲ” ಅಂದರು. ಇನ್ನೊಂದು ಸಲ, ಬೇರೆ ಏನೂ ಅಲ್ಲ, ಅಂದರು.

ನಾನು ಕಿಟಕಿ ನೋಡಿದೆ. ಎದುರು ಕಟ್ಟಡದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಚಿಕ್ಕದು, ದೊಡ್ಡದು, ಎಲ್ಲರವೂ ಒಂದೇ ಹಗ್ಗದ ಮೇಲೆ. ನಮ್ಮ ಮನೆಯ ಬಟ್ಟೆ ಎಷ್ಟು ಕಾಲದಿಂದ ಎರಡು ಕಡೆ ಒಣಗುತ್ತಿದೆ.

ದೊಡ್ಡವಳ ನೆಗಡಿ ವಾಸಿಯಾಗಿದೆ ಅಂತ ಡಾಕ್ಟರಮ್ಮನಿಗೆ ಹೇಳಿದೆ. ಅವರು “ಸಂತೋಷ” ಅಂದರು, ಅಷ್ಟೇ.

ಶನಿವಾರ ಬೆಳಿಗ್ಗೆ ರಕ್ತ ನೋಡಿ, ಎಲ್ಲ ಸರಿ ಇದ್ದರೆ ಬಿಡುತ್ತಾರೆ. ಬರುತ್ತೇವೆ. ಮಂಗಳವಾರ ಸಂಜೆ ವಾಪಸ್ಸು. ಆವತ್ತು ನನ್ನ ಕಾಲು ಏಳದಿದ್ದರೆ ನೀವು ಒಂದು ಸಲ ಗದರಿಸಬೇಕು. ಗದರಿಸಲು ಬರುವುದಿಲ್ಲ ನಿಮಗೆ, ಅತ್ತೆಗೆ ಹೇಳಿಡಿ. ಗೇಟನ್ನು ಬಿಚ್ಚಬೇಡಿ. ಮರದ ಪುಡಿ ಮಾತ್ರ ಒಳಗೆ ಬರಬಾರದು. ಸ್ನಾನ ಮಾಡಿ, ಕಿವಿಯ ಹಿಂದೆಯೂ. ದೊಡ್ಡವಳಿಗೆ ಕರ್ಚೀಫು ವಾಪಸ್ಸು ಕಳಿಸುತ್ತಿಲ್ಲ ಅಂತ ಹೇಳಿ. ಬಂದಾಗ ಒಣಗಿತ್ತು, ಈಗ ಒದ್ದೆ. ಒಗೆದು ನಾನೇ ತರುತ್ತೇನೆ.

ಇಂತಿ,
ಗೋಡೆ ಕಡೆಯವಳು

ಮರೆತಿದ್ದೆ: ನಾವು ಬಂದ ಕೂಡಲೇ ಎತ್ತಿಕೊಳ್ಳಲು ಓಡಿಬರಬೇಡಿ. ಅವನನ್ನು ನಡುಮನೆಯ ನೆಲದ ಮೇಲೆ ಬಿಡುತ್ತೇನೆ. ನೀವು ಎದುರಿಗೆ, ಹನ್ನೊಂದನೆಯ ಗೇಣಿನಲ್ಲಿ ಕೂತಿರಿ. ನನ್ನ ಗೇಣು ನಿಮ್ಮದಕ್ಕಿಂತ ಚಿಕ್ಕದು, ಲೆಕ್ಕ ಹಾಕಿಕೊಳ್ಳಿ. ಹತ್ತಕ್ಕೆ ಅವನು ನಿಲ್ಲುತ್ತಾನೆ. ಆಗ ಕೈ ಚಾಚಬೇಡಿ, ಮಾತಾಡಿ. ಈ ಸಲ ಫೋನಿನ ಹಿಂದೆ ಹುಡುಕಬೇಕಾಗಿಲ್ಲ ಅಂತ ಅವನಿಗೇ ಗೊತ್ತಾಗಲಿ.