ಅಂಗುಳಿನ ಎರಡನೇ ಚೂರು

ಹಾವೇರಿ
ಫೆಬ್ರವರಿ 31, 2203

ನೀಲಾಂಬಿಕಾ ಅಜ್ಜಿಯವರಿಗೆ ನಿಮ್ಮ ಮರಿಮಗಳ ಮರಿಮಗಳು ಇಳಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಸರ್ಕಾರದವರು ಜುಲೈಯಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಈ ಅವಕಾಶ. ಬುದ್ಧಿ ಇದ್ದವರು ಪ್ರವಾಹದ ಎಚ್ಚರಿಕೆ ಕೊಡಲು ಬಳಸುತ್ತಾರೆ. ನಾನು ವಸಡಿನ ವಿಷಯಕ್ಕೆ ಬಳಸುತ್ತಿದ್ದೇನೆ, ಏಕೆಂದರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಪ್ರಯೋಜನವಿಲ್ಲ.

ನಿಮ್ಮ ಕೇಸ್ ಶೀಟ್ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕೆಳಗಿನ ಸಾಲಿನ ವಸಡು ಎರಡೂ ಕಡೆ ಸರಿದು ಹಲ್ಲಿನ ಬೇರು ಕಾಣುತ್ತಿತ್ತು. ಬಲಗಡೆಗೆ ಡಾಕ್ಟರು ನಿಮ್ಮ ಅಂಗುಳಿನಿಂದಲೇ ತುಣುಕು ತೆಗೆದು ಹೊಲಿದರು. ಉಳಿದ ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಲು ನೀವು ಸಹಿ ಹಾಕಿದಿರಿ. ಆಮೇಲೆ ಹತ್ತು ದಿನ ಅಂಗುಳು ಉರಿದು, ಗಂಜಿ ಕುಡಿದು ಸಾಕಾಗಿ, ಎಡಗಡೆಗೆ ಹಂದಿಯ ಚರ್ಮದಿಂದ ಮಾಡಿದ ಸಿದ್ಧ ಪೊರೆಯೇ ಇರಲಿ ಎಂದಿರಿ. ಈ ಕಾಗದ ಕೈಸೇರುವಾಗ ಆ ಎಡಗಡೆಯ ಆಪರೇಷನ್ನಿಗೆ ಇನ್ನೂ ಹದಿನೈದು ದಿನ ಇರುತ್ತದೆ.

ನಮ್ಮ ಕಾಲದವರ ಅಂಗುಳು ಈರುಳ್ಳಿ ಸಿಪ್ಪೆಯಷ್ಟು ತೆಳು, ಅದರಿಂದ ತುಣುಕು ತೆಗೆಯಲು ಬರುವುದಿಲ್ಲ. ಮೂರು ತಲೆಮಾರು ಹಿಂಡೂಟ ಉಂಡದ್ದರ ಫಲ. ಹಿಂಡೂಟವೆಂದರೆ ಕೊಳವೆಯಿಂದ ನೇರ ಬಾಯಿಗೆ ಹಿಂಡಿಕೊಳ್ಳುವ ಊಟ. ಹಾಗಾಗಿ ವಸಡು ಸರಿದವರಿಗೆ ಎರಡೇ ದಾರಿ. ಒಂದು, ಕೆರೆಯ ಪಾಚಿಯಿಂದ ತಯಾರಿಸಿದ ಪಾಚಿಪೊರೆ. ಬೇಕಾದಷ್ಟು ಸಿಗುತ್ತದೆ, ನೋವಿಲ್ಲ, ಅರ್ಧ ಗಂಟೆಯಲ್ಲಿ ಮನೆಗೆ ಬರಬಹುದು. ಆದರೆ ವರ್ಷದೊಳಗೆ ಕುಗ್ಗಿ, ಅಂಚು ಬಿಳಿಚಿಕೊಂಡು, ಬೇರು ಮತ್ತೆ ಇಣುಕುತ್ತದೆ. ಇನ್ನೊಂದು ಅಜ್ಜಿಪದರ. ಹಿರಿಯರು ಬಿಟ್ಟುಹೋದ ಅಂಗುಳಿನ ಚೂರನ್ನು ಆಸ್ಪತ್ರೆಯಲ್ಲಿ ಬೆಳೆಸಿ ಮಾಡುವುದು. ಅದು ದಪ್ಪ, ವಸಡಿನ ಬಣ್ಣಕ್ಕೆ ಬೆರೆಯುತ್ತದೆ, ಸಾಯುವವರೆಗೂ ನಿಲ್ಲುತ್ತದೆ. ಒಂದು ಚೂರು ಒಂದೇ ಬಾಯಿಗೆ ಸಾಕಾಗುತ್ತದೆ. ನಮ್ಮ ಮನೆತನಕ್ಕೆ ಇದ್ದದ್ದು ನಿಮ್ಮದೊಂದೇ ಚೂರು.

ಅದು ನನ್ನ ಅಕ್ಕ ತರಂಗಿಣಿಯ ಪಾಲಾಯಿತು. ಯಾರ ವಸಡು ಹೆಚ್ಚು ಸರಿದಿದೆಯೋ ಅವರಿಗೇ ಕೊಡಬೇಕೆಂಬುದು ಕಾನೂನು. ನಾನು ಚಿಕ್ಕಂದಿನಿಂದ ಡಾಕ್ಟರು ಹೇಳಿದಂತೆ ಮೆತ್ತನೆಯ ಬ್ರಷ್ ಹಿಡಿದು ನಿಧಾನವಾಗಿ ಹಲ್ಲುಜ್ಜಿದವಳು. ಅವಳು ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದವಳು. ಅಳತೆಯ ದಿನ ಅವಳದು ನಾಲ್ಕು ಮಿಲಿಮೀಟರ್, ನನ್ನದು ಮೂರೂವರೆ. ಹೇಳಿದ ಮಾತು ಕೇಳಿ ಬೆಳೆದ ತಪ್ಪಿಗೆ ನಾನು ಪಾಚಿಪೊರೆಯ ಸಾಲಿನಲ್ಲಿ ನಿಂತೆ. ಹೊರಗೆ ಬಂದ ಅಕ್ಕ ನನ್ನ ಹೆಗಲು ತಟ್ಟಿ, "ನಿಂದು ಇನ್ನಾ ಅರ್ಧ ಮಿಲಿಮೀಟರ್ ಚಲೋ ಐತಲ್ಲ, ಮನಸಿಗೆ ಹಚ್ಕೋಬ್ಯಾಡ ಬಿಡು" ಅಂದಳು. ಆರು ವರ್ಷವಾಯಿತು, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕಚ್ಚಿ ತಿನ್ನುವ ಹಣ್ಣು ಇತ್ತೀಚೆಗೆ ಮತ್ತೆ ಸಿಗುತ್ತಿದೆ. ಅಕ್ಕ ನನ್ನ ಎದುರಿಗೇ ಕೂತು ಪೇರಲೆಹಣ್ಣು ಕಚ್ಚುತ್ತಾಳೆ. ನಾನು ತಣ್ಣನೆಯ ಮಜ್ಜಿಗೆ ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಪಾಚಿಪೊರೆ ಎರಡು ಸಲ ಹಾಕಿಸಿದೆ, ಎರಡು ಸಲವೂ ಕುಗ್ಗಿತು. ಮೂರನೆಯದು ಹಿಡಿಯುವುದಿಲ್ಲವಂತೆ. ಕೆಳಗಿನ ಎರಡು ಹಲ್ಲು ಅಲುಗಾಡುತ್ತಿವೆ, ಬರುವ ತಿಂಗಳು ಕೀಳಬೇಕೆಂದು ಹೇಳಿದ್ದಾರೆ. ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ ಅಜ್ಜಿ. ನಿಮಗೆ ಬೇಕಾದದ್ದು ನಿಮ್ಮ ಬಾಯಲ್ಲೇ ಇತ್ತು, ಎರಡನೇ ಸಲ ನೀವೇ ಬೇಡವೆಂದಿರಿ.

ನ್ಯಾಯವಾಗಿ ಹೇಳಬೇಕೆಂದರೆ ನಿಮಗೆ ಹಂದಿಯ ಪೊರೆ ಸಾಕು. ಶೀಟಿನ ಪ್ರಕಾರ ಎಡಗಡೆಯ ವಸಡು ಸ್ವಲ್ಪ ತೆಳುವಾಗಿ ಉಳಿಯಿತು, ಆದರೆ ಕೊನೆಯವರೆಗೂ ತೊಂದರೆ ಕೊಡಲಿಲ್ಲ. ಆದರೂ ಕೇಳುತ್ತೇನೆ. ಎಡಗಡೆಗೂ ಅಂಗುಳಿನಿಂದಲೇ ತೆಗೆಸಿ, ಉಳಿದ ಚೂರನ್ನು ಬೇರೆ ಡಬ್ಬಿಯಲ್ಲಿ ಇಡಿಸಿ. ಇನ್ನೂ ಹತ್ತು ದಿನ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಅಷ್ಟು ನೋವು ನಿಮ್ಮಿಂದ ಆಗದು ಅನ್ನಿಸಿದರೆ ನನಗೆ ಬೇಸರವಿಲ್ಲ. ಹಾಗಾದರೆ ಇನ್ನೊಂದು ಸಣ್ಣ ಉಪಕಾರ ಮಾಡಿ. ಬಲಗಡೆಯ ಚೂರಿಗೆ ಹಾಕಿದ ಸಹಿಯನ್ನು ವಾಪಸ್ ತೆಗೆದುಕೊಂಡು, ಅದನ್ನು ಎಸೆದುಬಿಡಲು ಹೇಳಿ. ಅಕ್ಕನೂ ನನ್ನ ಪಕ್ಕದಲ್ಲಿ ಕೂತು ಅನ್ನ ಕಿವುಚಿಕೊಂಡು ಉಣ್ಣಲಿ.

ನಿಮ್ಮವಳೇ ಆದ
ಇಳಾ