ಎಲ್ಲಿ ಸೋತೆ, ಹೇಳಿ ಏಳು

ಕುತೈಸಿ,
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆ ನಿನ್ನ ಬಳುವಳಿಯ ಚದುರಂಗದ ಕಾಯಿಗಳನ್ನು ಒರೆಸಿ ಪೆಟ್ಟಿಗೆಯೊಳಗೆ ಇಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಪ್ಪು ರಾಜನ ಕಿರೀಟದ ಒಂದು ಮಗ್ಗುಲು ಸವೆದು, ಬಣ್ಣ ಹೋಗಿ, ಒಳಗಿನ ಮರ ಕಾಣುತ್ತಿದೆ. ಬಿಳಿ ರಾಜ ಮಾತ್ರ ನಿನ್ನೆ ತಾನೇ ಅಂಗಡಿಯಿಂದ ಬಂದವನ ಹಾಗೆ ಹೊಳೆಯುತ್ತಿದ್ದಾನೆ. ಇದು ನಿನಗೆ ಮೊದಲೇ ಗೊತ್ತಿತ್ತೋ ಏನೋ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನಿನ್ನ ಮಂಡಿನೋವು ಹೇಗಿದೆ? ಬಾರಿ ಊರಿನ ಆ ಮನೆಯ ಲಿಫ್ಟ್ ರಿಪೇರಿ ಆಯಿತೇ, ಇನ್ನೂ ನೀನು ನೋಡಿಕೊಳ್ಳುವ ಆ ಮುದುಕಿ ಸಿನ್ಯೋರಾಳನ್ನು ನೀನೇ ಮೆಟ್ಟಿಲು ಇಳಿಸಿ ಸಮುದ್ರ ತೋರಿಸಿಕೊಂಡು ಬರುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಮಂಗಳವಾರ ಹೊರಡುವ ಇಟಲಿ ವ್ಯಾನಿನಲ್ಲಿ ಪ್ಲಮ್ ಹುಳಿಯ ಎರಡು ಬಾಟಲಿ, ಅಡುಗೆಗೆ ಒಣಗಿಸಿದ ಚೆಂಡುಹೂವಿನ ಪುಡಿ, ಒಂದು ಉಂಡೆ ಚೀಸ್ ಕಳಿಸುತ್ತಿದ್ದೇನೆ. ಕಾಗದವನ್ನೂ ಅದರಲ್ಲೇ ಇಡುತ್ತೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ. ನಾನು ನಿನ್ನ ಜೊತೆ ಮಾತಾಡುವಾಗ ನಾರ್ಗಿಜಾ ಅತ್ತೆ ಪಕ್ಕದಲ್ಲೇ ಕೂತು ನನ್ನ ಅರ್ಧ ಮಾತನ್ನು ತಾವೇ ಆಡಿ ಮುಗಿಸುತ್ತಾರೆ.

ನಿನ್ನೆಯ ಸುದ್ದಿ ಅತ್ತೆಯಿಂದ ನಿನಗೆ ತಲುಪಿಯೇ ಇದೆ. ಹುಡುಗ ಬಂದ, ನೋಡಿದ, ಒಪ್ಪಿದ. ಇನ್ನು ಉಳಿದಿರುವುದು ನನ್ನ ಉತ್ತರ, ಅದೂ ಬುಧವಾರದೊಳಗೆ. ನಿಶ್ಚಯವಾದರೆ ನೀನು ಸಿನ್ಯೋರಾಳ ಮಗನ ಹತ್ತಿರ ರಜೆ ಕೇಳಿಕೊಂಡು ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಬರುತ್ತೀಯಂತೆ. ಅತ್ತೆ ಈ ಮಾತನ್ನು ದಿನಕ್ಕೆ ಹಲವು ಸಲ ಹೇಳುತ್ತಾರೆ. ನೀನು ಹೋಗಿ ನಾಲ್ಕು ವರ್ಷವಾಯಿತಲ್ಲ, ಆ ಮಾತು ಕೇಳಿದಾಗಲೆಲ್ಲ ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.

ನಿನ್ನೆ ಆದದ್ದನ್ನು ಹೇಳಲು ಪಾರ್ಕಿನ ವಿಷಯದಿಂದ ಶುರು ಮಾಡಬೇಕು. ಗ್ರಂಥಾಲಯದ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಮನೆಗೆ ಬರುವ ದಾರಿಯಲ್ಲಿ ಕಾರಂಜಿಯ ಹಿಂದೆ ಮುದುಕರು ಚದುರಂಗ ಆಡುವ ಮೇಜುಗಳಿವೆ. ಕಳೆದ ಚಳಿಗಾಲದಲ್ಲಿ ಪುಸ್ತಕ ಓದುವ ನೆಪ ಮಾಡಿಕೊಂಡು ಅಲ್ಲಿ ಕೂರುತ್ತಿದ್ದೆ. ಪುಟ ತಿರುವುತ್ತಿಲ್ಲ ಎಂಬುದನ್ನು ವಖೋ ತಾತ ಗಮನಿಸಿದರು. ರೈಲ್ವೆಯಲ್ಲಿದ್ದ ವಖೋ, ನಿನಗೆ ಗೊತ್ತು, ಅಪ್ಪನ ಶವದ ಮುಂದೆ ಟೋಪಿ ತೆಗೆಯಲು ಮರೆತು ಆಮೇಲೆ ಅತ್ತವರು. ಅವರು ನನ್ನತ್ತ ತಿರುಗಿಯೂ ನೋಡದೆ, "ಏ ಹುಡುಗಿ, ಆ ಪುಸ್ತಕಕ್ಕೆ ನಿದ್ದೆ ಬಂದಿದೆ, ಮುಚ್ಚಿ ಮಲಗಿಸು. ಬಾ, ಕೂತ್ಕೋ" ಎಂದರು. ಕೂತೆ. ಚಹಾ ಆರುವುದರೊಳಗೆ ಸೋತೆ. ಎದ್ದು ಹೋಗಲು ಹೊರಟರೆ ಟ್ಯಾಕ್ಸಿ ಓಡಿಸುತ್ತಿದ್ದ ಗಿಗ್ಲಾ ಮಾಮ ಅಡ್ಡ ನಿಂತರು. "ಎಲ್ಲಿಗೆ ಹೊರಟೆ ತಾಯಿ? ಬಾಡಿಗೆ ಕೊಡದೆ ಇಳೀತೀಯಾ? ಎಲ್ಲಿ ಸೋತೆ, ಹೇಳಿ ಏಳು."

ಆ ಮೇಜುಗಳ ಕಟ್ಟಳೆ ಇದು. ಸೋತವರು ತಾವು ಯಾವ ನಡೆಯಲ್ಲಿ ಸೋತೆವೆಂದು ತೋರಿಸಿಯೇ ಏಳಬೇಕು. ಗೆದ್ದವರು ಹೌದು ಅಥವಾ ಅಲ್ಲ ಎನ್ನುತ್ತಾರೆ. ಅಲ್ಲ ಎಂದರೆ ಕಾಯಿಗಳನ್ನು ಹಿಂದಕ್ಕೆ ಇಟ್ಟುಕೊಂಡು ಹುಡುಕಬೇಕು, ಹಿಂದೆ ಸರದಿಯಲ್ಲಿ ನಿಂತವರು ಬೈದುಕೊಂಡರೂ ಸರಿ. ಮೊದಮೊದಲು ನಾನು ಯಾವಾಗಲೂ ಕೊನೆಯ ನಡೆ ತೋರಿಸುತ್ತಿದ್ದೆ. ವಖೋ ತಾತ ನಗುತ್ತಿದ್ದರು. "ಅದು ಹೆಣ ಎತ್ತಿದ್ದು ಕಣಮ್ಮಾ. ಜ್ವರ ಬಂದಿದ್ದು ಯಾವಾಗ, ಅದನ್ನ ಹೇಳು." ಮನಸ್ಸಿಗೆ ಬಂದ ಕೂಡಲೇ ಕಾಯಿ ಎತ್ತುವ ಚಾಳಿ ನನಗಿತ್ತು. ಅದಕ್ಕೆ ಅವರು ಕೊಟ್ಟ ಮದ್ದು, ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂರುವುದು. ಇಡೀ ವಸಂತ ನಾನು ಹಾಗೇ ಕೈಗಳ ಮೇಲೆ ಕೂತು ಸೋತಿದ್ದೇನೆ. ಎದುರಾಳಿ ಒಂದು ಕಾಯಿ ಸರಿಸಿದರೆ ಅದು ಹೋದ ಜಾಗವನ್ನಷ್ಟೇ ಅಲ್ಲ, ಬಿಟ್ಟು ಬಂದ ಜಾಗವನ್ನೂ ನೋಡಬೇಕು ಎಂದು ತಿಳಿಯಲು ಏಪ್ರಿಲ್ ಬೇಕಾಯಿತು. ಜೂನ್ ಹೊತ್ತಿಗೆ ಜ್ವರ ಬಂದ ಗಳಿಗೆ ಸುಮಾರಾಗಿ ಗೊತ್ತಾಗತೊಡಗಿತು, ಆದರೂ ಸೋಲುತ್ತಿದ್ದೆ. ವಿಚಿತ್ರವೆಂದರೆ ಆ ಸೋಲುಗಳು ನನಗೆ ಇಷ್ಟವಾಗುತ್ತಿದ್ದವು. ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ ಅವು ಜೊತೆಗಿರುತ್ತಿದ್ದವು. ಆಗಸ್ಟಿನಲ್ಲಿ ಒಂದು ದಿನ ಗಿಗ್ಲಾ ಮಾಮನನ್ನು ಸೋಲಿಸಿದೆ. ಅವರು ತಮ್ಮ ಒಂಟೆಯನ್ನು ತೋರಿಸಿ, "ಇಲ್ಲಿ. ಈ ಬೇವರ್ಸಿಯನ್ನ ಇಲ್ಲಿ ಬಿಟ್ಟಾಗ" ಎಂದು ಎದ್ದು, ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ. ಅಷ್ಟು ದೊಡ್ಡ ಮರ್ಯಾದೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಒಮ್ಮೆ ನಿನ್ನ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯಲೇ ಎಂದು ಅತ್ತೆಯನ್ನು ಕೇಳಿದ್ದೆ. "ಮುದುಕರ ಸಿಗರೇಟಿನ ಬೂದಿ ಬೀಳೋ ಜಾಗಕ್ಕೆ ಬಳುವಳಿ ಮಣೆ ತಗೊಂಡು ಹೋಗ್ತೀಯಾ? ಅದು ನಿನ್ನ ಅಜ್ಜಿಯಿಂದ ನಿನ್ನಮ್ಮನಿಗೆ, ಅಮ್ಮನಿಂದ ನಿನಗೆ. ಗಂಡನ ಮನೆಯಲ್ಲಿ ಬಿಚ್ಚೋದು ಅದನ್ನ" ಎಂದು ಬೀರುವಿನ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದರು.

ನಿನ್ನೆ ಅವರೇ ಬೀಗ ತೆಗೆದರು. ಬೆಕಾ ತನ್ನ ದೊಡ್ಡಪ್ಪ, ದೊಡ್ಡಮ್ಮನ ಜೊತೆ ಬಂದಿದ್ದ. ನಿಧಾನ ಮಾತಿನವನು. ಬೂಟು ಬಾಗಿಲಲ್ಲೇ ಬಿಚ್ಚಿಟ್ಟು ಸಾಲಾಗಿ ಜೋಡಿಸಿದ. ಸೇತುವೆಗಳ ಇಲಾಖೆಯಲ್ಲಿ ಕೆಲಸ. ನನ್ನ ಮಾತು ಕಡಿಮೆ ಎಂದು ಕಂಡು ಅವನೂ ನನ್ನನ್ನು ಮಾತಿಗೆ ಎಳೆಯಲಿಲ್ಲ, ಅದಕ್ಕೆ ನಾನು ಮನಸ್ಸಿನಲ್ಲೇ ಉಪಕಾರ ನೆನೆದೆ. ಚೀಸ್ ತುಂಬಿದ ಖಾಚಾಪುರಿ ರೊಟ್ಟಿ ತಿಂದು, ಮೂರನೆಯ ಗ್ಲಾಸು ವೈನ್ ಎತ್ತುವ ಹೊತ್ತಿಗೆ ಅವನ ದೊಡ್ಡಪ್ಪ ಕೇಳಿಯೇಬಿಟ್ಟರು. "ಹುಡುಗಿ ಪಾರ್ಕಿನಲ್ಲಿ ಗಂಡಸರ ಟೋಪಿ ಹಾರಿಸ್ತಾಳಂತೆ? ನಮ್ಮವನು ಶಾಲೆಯಲ್ಲಿ ಕಪ್ ಗೆದ್ದವನು. ತನ್ನಿ ಮಣೆ, ನೋಡೇ ಬಿಡೋಣ." ನನಗೆ ಬಿಳಿ ಕೊಟ್ಟರು, ಅವನಿಗೆ ಕಪ್ಪು.

ಅವನು ಚೆನ್ನಾಗಿ ಆಡುತ್ತಾನೆ ಅಮ್ಮಾ. ನನಗಿಂತ ಚೆನ್ನಾಗಿ. ಆಟದ ನಡುವೆ, ಮೂಲೆಯ ಒಂದು ಕಾಲಾಳಿನ ಆಸೆಗೆ ಬಿದ್ದು ನಾನು ರಾಣಿಯನ್ನು ದೂರ ಕಳಿಸಿದೆ. ಕಾಯಿಯಿಂದ ಕೈ ತೆಗೆದ ಮರುಕ್ಷಣ ಕಂಡಿತು, ಅವನ ಕುದುರೆ ಒಂದು ಹಾರು ಹಾರಿದರೆ ನನ್ನ ರಾಜನಿಗೂ ರಾಣಿಗೂ ಒಟ್ಟಿಗೆ ಪೆಟ್ಟು. ರಾಣಿ ಹೋದ ಹಾಗೆಯೇ. ನಾನು ತೊಡೆಯ ಕೆಳಗೆ ಕೈ ಹಾಕಿಕೊಂಡು ಕಾದೆ. ಅವನು ಕುದುರೆ ಹಾರಬೇಕಾದ ಮನೆಯನ್ನು ನೋಡಿದ. ಕುದುರೆಯನ್ನು ಎತ್ತಿದ. ಆಮೇಲೆ ನನ್ನ ಮುಖ ನೋಡಿದ. ಕುದುರೆಯನ್ನು ಹಿಂದಕ್ಕೆ, ಯಾವ ಕೆಲಸವೂ ಇಲ್ಲದ ಒಂದು ಜಾಗದಲ್ಲಿ ಇಟ್ಟ. ಅಲ್ಲಿಂದ ಆಟ ನನ್ನದಾಯಿತು. ಕೊನೆಗೆ ಅವನು ಸೋಲೊಪ್ಪಿ ತನ್ನ ರಾಜನನ್ನು ಮೆಲ್ಲಗೆ ಮಲಗಿಸಿದ. ಅತ್ತೆ ಚಪ್ಪಾಳೆ ತಟ್ಟಿದರು.

ಪಾರ್ಕಿನ ಅಭ್ಯಾಸ ನೋಡು, ನನ್ನ ಬಾಯಿಂದ ಬಂದುಬಿಟ್ಟಿತು: "ಎಲ್ಲಿ ಸೋತಿರಿ?" ಇಡೀ ಸಂಜೆ ನಾನಾಗಿ ಆಡಿದ ಮೊದಲ ಮಾತು ಅದು. ಮೇಜಿನ ಕೆಳಗೆ ಅತ್ತೆಯ ಕಾಲು ನನ್ನ ಕಾಲನ್ನು ಹುಡುಕಿತು. ಬೆಕಾ, "ನೀವು ಬಾಗಿಲು ತೆಗೆದಿರಲ್ಲ, ಆಗಲೇ" ಎಂದ.

ಮನೆಯೇ ನಕ್ಕಿತು. ಅವನ ದೊಡ್ಡಮ್ಮ ಕಣ್ಣು ಒರೆಸಿಕೊಂಡರು. ದೊಡ್ಡಪ್ಪ ಎದ್ದು ನಿಂತು, "ಹೀಗೆ ಸೋಲೋ ಗಂಡಸರು ಈ ದೇಶದಲ್ಲಿ ಮುಗಿಯದೇ ಇರಲಿ!" ಎಂದು ಗ್ಲಾಸು ಖಾಲಿ ಮಾಡಿದರು. ಒಳ್ಳೆಯ ಮಾತು, ನಾನೂ ಒಪ್ಪುತ್ತೇನೆ. ಕಥೆಯೊಂದರಲ್ಲಿ ಓದಿದ್ದರೆ ಅಡಿಗೆರೆ ಎಳೆಯುತ್ತಿದ್ದೆ.

ಅವರು ಹೊರಡುವಾಗ ಗೇಟಿನ ಹತ್ತಿರ ಅವನೊಬ್ಬನೇ ಸಿಕ್ಕಿದ. ಕುದುರೆಯ ನಡೆ ಕಂಡಿತ್ತೇ ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. "ಕಂಡಿತ್ತು. ನೀವು ಅಷ್ಟು ಖುಷಿಯಾಗಿದ್ರಿ, ಹಾಳು ಮಾಡೋಕೆ ಮನಸ್ಸು ಬರಲಿಲ್ಲ" ಎಂದ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು. ನನಗೆ ನೆನಪಾದದ್ದು ನೀನು ಹೊರಟ ದಿನದ ಬಸ್ ನಿಲ್ದಾಣ. ಅಲ್ಲಿ ನೀನು ನನ್ನ ಕೋಟಿನ ಗುಂಡಿ ಹಾಕುತ್ತಾ, ಯಾವುದೋ ಬೇರೆ ಮಾತಿನ ನಡುವೆ, "ಇಷ್ಟು ವರ್ಷದಲ್ಲಿ ನಿನ್ನಪ್ಪ ನನ್ನನ್ನ ಒಂದೇ ಒಂದು ಆಟದಲ್ಲೂ ಸೋಲಿಸಲಿಲ್ಲ ಕಣೇ. ಅದರಲ್ಲಿ ನಾನೇ ಗೆದ್ದದ್ದು ಯಾವುದು ಅಂತ ಹೋಗೋ ಮುಂಚೆ ಒಂದು ಮಾತು ಹೇಳಿ ಹೋಗಬಾರದಿತ್ತಾ" ಎಂದಿದ್ದೆ. ಆಗ ನನಗೆ ಅದು ನೀನು ಅಪ್ಪನನ್ನು ನೆನೆದು ಆಡಿದ ಪ್ರೀತಿಯ ಮಾತಾಗಿ ಮಾತ್ರ ಕೇಳಿಸಿತ್ತು. ಅಪ್ಪ ಯಾವಾಗಲೂ ಕಪ್ಪು ತೆಗೆದುಕೊಳ್ಳುತ್ತಿದ್ದರು. ಸೋತಾಗ ರಾಜನನ್ನು ಅದೇ ಒಂದು ಮಗ್ಗುಲಿಗೆ ಮಲಗಿಸುತ್ತಿದ್ದರು. ಬೆಳಿಗ್ಗೆ ಆ ಸವೆದ ಕಿರೀಟವನ್ನು ಬಟ್ಟೆಯಲ್ಲಿ ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಕೂತಿದ್ದೆ.

ವಖೋ ತಾತ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ. ಅತ್ತೆಯ ರಕ್ತದೊತ್ತಡ ಸರಿಯಾಗಿದೆ, ಸದ್ಯಕ್ಕೆ. ಚೀಸ್ ಬೇಗ ತಿಂದು ಮುಗಿಸು, ಸಿನ್ಯೋರಾಳಿಗೂ ಒಂದು ಚೂರು ಕೊಡು. ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೋ. ದೇವರು ನಿನ್ನನ್ನು ಆ ಮೆಟ್ಟಿಲುಗಳ ಮೇಲೆ ಕೈ ಹಿಡಿದು ನಡೆಸಲಿ.

ನಿನ್ನ ಮಗಳು,
ಮಾರಿತಾ

ಮುಖ್ಯ ಮಾತೇ ಮರೆತೆ, ಬೇಗ ಬರೆಯುತ್ತೇನೆ: ವ್ಯಾನಿನವನು ಬಂದು ಕಾಯುತ್ತಿದ್ದಾನೆ, ಮಂಗಳವಾರದ ಬದಲು ಇವತ್ತೇ ಹೊರಡುತ್ತಾನಂತೆ. ನಾನು ಬೆಕಾನಿಗೆ ಇಲ್ಲ ಎನ್ನುತ್ತೇನೆ. ಬುಧವಾರ ಅವನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಅತ್ತೆಯ ಬಾಯಿಂದ ಬೇಡ. ಅವನು ಒಳ್ಳೆಯವನು, ಅದನ್ನೂ ಹೇಳುತ್ತೇನೆ. ಅತ್ತೆ ನಿನಗೆ ಅಳುತ್ತಾ ಫೋನ್ ಮಾಡುತ್ತಾರೆ, ಅಳಲು ಬಿಡು. ನಿಶ್ಚಯವಿಲ್ಲದಿದ್ದರೂ ರಜೆ ಕೇಳಿಕೊಂಡು ಬಾ ಅಮ್ಮಾ. ನಾಳೆಯಿಂದ ಪೆಟ್ಟಿಗೆ ಪಾರ್ಕಿಗೆ ಹೋಗುತ್ತದೆ, ಬೂದಿ ಬಿದ್ದರೆ ಒರೆಸಿಕೊಳ್ಳುತ್ತೇನೆ. ನೀನು ಬಂದಾಗ ಬಿಳಿ ನಿನಗೇ. ನಾನು ಒಂದು ಕಾಲಾಳನ್ನೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಸೋತರೆ, ಎಲ್ಲಿ ಅಂತ ಹೇಳಿ ಏಳಬೇಕು. ಗೆದ್ದರೆ, ಅದು ನಿನ್ನದು.